ಗ್ರೂಪಿನಲ್ಲಿ ಎಲ್ಲರೂ ‘ಸರಿ’, ಫಾರ್ಮಿನಲ್ಲಿ ಅರ್ಧ ಜನ ‘ಬೇಡ’: ಯಾವುದನ್ನು ನಂಬೋದು?

ಪ್ರಶ್ನೆ: ನಮಸ್ತೆ ಮೇಡಂ. ನಾವು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರು. ನಲವತ್ತು ಜನ ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಒಂದು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಷೀನ್) ಹಾಕಿ, ಕಣ ಮಾಡಿಕೊಂಡರೆ ಹಣ್ಣು ಮಾರುವ ಬದಲು ಪಾರ್ಚ್‌ಮೆಂಟ್ (ತೆಳು ಹೊಟ್ಟಿನ ಸಮೇತ ಒಣಗಿಸಿದ ಬೀಜ) ಮಾಡಿ ಮಾರಬಹುದು ಅನ್ನೋ ಯೋಚನೆ. ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ. ನಮ್ಮಲ್ಲಿ ದೊಡ್ಡ ತೋಟ ಇರುವ ಗೌಡ್ರು ‘ಮಾಡೋಣ, ಜಾಗ ನಾನೇ ಕೊಡ್ತೀನಿ’ ಅಂದರು. ಎಲ್ಲರೂ ಸರಿ ಅಂದರು. ಅನುಮಾನ ಬಂದು, ಹೆಸರು ಹಾಕದೆ ತುಂಬುವ ಗೂಗಲ್ ಫಾರ್ಮ್ ಕಳಿಸಿದೆ. ಅರ್ಧಕ್ಕಿಂತ ಜಾಸ್ತಿ ಜನ ಬೇಡ ಅಂದಿದ್ದಾರೆ. ಒಬ್ಬರಂತೂ ‘ಮಷೀನ್ ಕೊಟೇಶನ್‌ನಲ್ಲಿ ಕಮಿಷನ್ ಹೊಡೆದಿದ್ದಾರೆ’ ಅಂತ ಬರೆದಿದ್ದಾರೆ. ಅದನ್ನೂ ಸೇರಿಸಿ ಉತ್ತರಗಳನ್ನೆಲ್ಲ ಗ್ರೂಪಿಗೆ ಹಾಕಿದೆ. ಈಗ ಯಾರೂ ಯಾರನ್ನೂ ನಂಬುತ್ತಿಲ್ಲ. ಯಾವುದು ನಿಜವಾದ ಅಭಿಪ್ರಾಯ? ಹೆಸರು ಇಟ್ಟು ಕೇಳಬೇಕಾ, ಮುಚ್ಚಿ ಕೇಳಬೇಕಾ?

ಉತ್ತರ: ನಿಮ್ಮವರು ಎರಡು ಸಲವೂ ಸುಳ್ಳು ಹೇಳಿಲ್ಲ. ಗ್ರೂಪಿನಲ್ಲಿ ‘ಸರಿ’ ಅಂದವರು ಗೌಡ್ರಿಗೆ ಉತ್ತರ ಕೊಟ್ಟರು. ಫಾರ್ಮಿನಲ್ಲಿ ‘ಬೇಡ’ ಅಂದವರು ಬೇರೆ ಯಾವುದಕ್ಕೋ ಉತ್ತರ ಕೊಟ್ಟರು. ಯಾವುದಕ್ಕೆ ಅಂತ ಆಮೇಲೆ ಹೇಳುತ್ತೇನೆ. ನಿಮಗೆ ಪ್ರಶ್ನೆ ಒಂದೇ ಅನ್ನಿಸಿದೆ. ತುಂಬಿದವರಿಗೆ ಅವು ಎರಡು ಬೇರೆ ಪ್ರಶ್ನೆಗಳು.

ಮೊದಲು ಗ್ರೂಪಿನ ಕಥೆ. ಪ್ರಶ್ನೆಯ ಜೊತೆ ನೀವು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಬೆಳಗ್ಗೆ ಆರೂವರೆಗೆ ಗೌಡ್ರ ಮೆಸೇಜ್. ಎರಡೇ ನಿಮಿಷಕ್ಕೆ ಅವರ ಅಣ್ಣನ ಮಗ ‘ಸೂಪರ್ ಚಿಕ್ಕಪ್ಪ’ ಅಂದಿದ್ದಾರೆ. ಆಮೇಲೆ ಸಾಲಾಗಿ ಹೆಬ್ಬೆರಳು. ‘ನೀವು ಹೇಳಿದ ಮೇಲೆ ಮುಗೀತು ಅಣ್ಣ’ ಅಂತ ಇಬ್ಬರು. ಎಂಟು ಗಂಟೆ ಸುಮಾರಿಗೆ ಯಾರೋ ಏನೋ ಬರೆದು ಡಿಲೀಟ್ ಮಾಡಿದ್ದಾರೆ. ಮೆಸೇಜ್ ಅಳಿಸಲಾಗಿದೆ ಅನ್ನೋ ಸಾಲು ಮಾತ್ರ ಉಳಿದಿದೆ. ಇಡೀ ಸ್ಕ್ರೀನ್‌ಶಾಟಿನಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ಒಂದು ಸಾಲು.

ಅವರು ಯಾಕೆ ಅಳಿಸಿದರು ಅಂತ ಊಹಿಸೋದು ಕಷ್ಟವಲ್ಲ. ನಮ್ಮ ಮಲೆನಾಡಿನಲ್ಲಿ ಮನೆಗಳು ದೂರ ದೂರ, ಆದರೆ ಒಬ್ಬರಿಗೊಬ್ಬರು ಬೇಕೇ ಬೇಕು. ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದರೆ ಗೌಡ್ರ ಜೀಪು. ಕೊಯ್ಲಿಗೆ ಆಳು ಸಿಗದಿದ್ದರೆ ಅವರ ತೋಟದ ಆಳುಗಳ ಲೈನ್‌ಮನೆಯಿಂದ ನಾಲ್ಕು ಜನ. ಮಳೆ ಬರುವ ಹಾಗಿದ್ದರೆ ಹಣ್ಣು ಹರವೋಕೆ ಅವರದೇ ಕಣ. ಇಷ್ಟೆಲ್ಲ ಇರುವಾಗ ‘ಪಲ್ಪರ್ ಬೇಡ’ ಅಂದರೆ ಅದು ಪಲ್ಪರಿಗೆ ಹೇಳಿದ ಹಾಗೆ ಕೇಳಿಸುವುದಿಲ್ಲ, ಗೌಡ್ರಿಗೆ ಹೇಳಿದ ಹಾಗೆ ಕೇಳಿಸುತ್ತದೆ. ಗೌಡ್ರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಜಾಗ ಕೊಡ್ತೀನಿ ಅಂದವರು ಒಳ್ಳೆಯವರೇ ಇರಬೇಕು. ಒಳ್ಳೆಯವರ ಮುಂದೆ ಮುಲಾಜು ಇನ್ನೂ ಜಾಸ್ತಿ, ಅಲ್ವಾ?

ಈ ಮುಲಾಜನ್ನು ಅಳೆದು ನೋಡಿದವರು ಇದ್ದಾರೆ. 1951ರಲ್ಲಿ ಸಾಲೊಮನ್ ಆಶ್ ಅನ್ನುವ ಮನೋವಿಜ್ಞಾನಿ ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಯಾವುದು ಅದರಷ್ಟೇ ಉದ್ದ ಅಂತ ಕೇಳೋದು, ಅಷ್ಟೇ. ಚಿಕ್ಕ ಮಗುವೂ ಹೇಳಬಹುದು. ಆದರೆ ಕೂತವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಆಶ್ ಕಡೆಯವರು. ಅವರು ಬೇಕಂತಲೇ ತಪ್ಪು ಉತ್ತರ ಹೇಳುತ್ತಿದ್ದರು. ಆ ಒಬ್ಬರು ಸುಮಾರು ಮೂರರಲ್ಲಿ ಒಂದು ಸಲ ಗುಂಪಿನ ತಪ್ಪು ಉತ್ತರವನ್ನೇ ಹೇಳಿದರು. ಒಂದು ಸಲವಾದರೂ ಹಾಗೆ ಬಗ್ಗಿದವರು ನಾಲ್ವರಲ್ಲಿ ಮೂವರು. ಬಾಯಲ್ಲಿ ಹೇಳುವ ಬದಲು ಕಾಗದದಲ್ಲಿ ಬರೆಯಲು ಬಿಟ್ಟಾಗ ತಪ್ಪುಗಳು ತುಂಬಾ ಕಡಿಮೆಯಾದವು. ಗುಂಪಿನಲ್ಲಿ ಇನ್ನೊಬ್ಬರು, ಒಬ್ಬರೇ ಒಬ್ಬರು, ಸರಿ ಉತ್ತರ ಹೇಳಿದಾಗಲೂ ಅಷ್ಟೇ. ನಿಮ್ಮ ಗ್ರೂಪಿನಲ್ಲಿ ಎಂಟು ಗಂಟೆಯ ಆ ಮೆಸೇಜ್ ಉಳಿದಿದ್ದರೆ ಕಥೆ ಬೇರೆ ಆಗುತ್ತಿತ್ತೇನೋ.

ನಾಲ್ಕು ವರ್ಷದ ನಂತರ ಮಾರ್ಟನ್ ಡಾಯ್ಚ್ ಮತ್ತು ಹೆರಾಲ್ಡ್ ಜೆರಾರ್ಡ್ ಅದೇ ಗೆರೆಗಳನ್ನು ಇಟ್ಟುಕೊಂಡು ಮುಂದಕ್ಕೆ ಹೋದರು. ಜನರ ಮಧ್ಯೆ ಅಡ್ಡ ಹಲಗೆ ಹಾಕಿ, ಬಟನ್ ಒತ್ತಿ ಉತ್ತರ ಕೊಡುವ ವ್ಯವಸ್ಥೆ ಮಾಡಿದರು. ಯಾರು ಒತ್ತಿದರು ಅಂತ ಗೊತ್ತಾಗುವುದಿಲ್ಲ. ಗುಂಪಿನ ಹಿಂದೆ ಹೋಗೋದು ಕಡಿಮೆಯಾಯಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಯಾಕೆಂದರೆ ಗುಂಪು ನಮ್ಮನ್ನು ಎರಡು ಥರ ಎಳೆಯುತ್ತದೆ. ಒಂದು, ‘ಇವರು ನನ್ನ ಬಗ್ಗೆ ಏನು ಅಂದುಕೊಳ್ತಾರೋ’ ಅನ್ನೋ ಅಳುಕು. ಇನ್ನೊಂದು, ‘ಇಷ್ಟು ಜನ ಹೇಳ್ತಿದ್ದಾರೆ ಅಂದರೆ ನನ್ನ ಲೆಕ್ಕವೇ ತಪ್ಪಿರಬಹುದು’ ಅನ್ನೋ ಅನುಮಾನ. ಹೆಸರು ಮುಚ್ಚಿದರೆ ಮೊದಲನೆಯದು ಸಡಿಲವಾಗುತ್ತದೆ. ಎರಡನೆಯದು ಹಾಗೇ ಇರುತ್ತದೆ.

ಅದಕ್ಕೇ ವಾಟ್ಸಾಪ್ ಪೋಲ್ ಹಾಕಿ ಅಂತ ನಿಮಗೆ ಯಾರಾದರೂ ಸಲಹೆ ಕೊಟ್ಟರೆ ಬೇಡ ಅನ್ನಿ. ಅಲ್ಲಿನ ಮಾಮೂಲಿ ಪೋಲ್‌ನಲ್ಲಿ ಯಾರು ಯಾವುದಕ್ಕೆ ಒತ್ತಿದರು ಅಂತಲೂ ಕಾಣುತ್ತದೆ, ಈವರೆಗೆ ಎಷ್ಟು ವೋಟು ಬಿತ್ತು ಅಂತಲೂ ಕಾಣುತ್ತದೆ. ಅಂದರೆ ಎರಡೂ ಎಳೆತ ಒಟ್ಟಿಗೆ. ಟೆಲಿಗ್ರಾಮ್ ಪೋಲ್‌ನಲ್ಲಿ ಹೆಸರು ಮುಚ್ಚಬಹುದು, ಆದರೆ ಒಬ್ಬರು ವೋಟು ಒತ್ತಿದ ಕೂಡಲೇ ಎಷ್ಟೆಷ್ಟು ಅನ್ನೋ ಲೆಕ್ಕ ಅವರಿಗೆ ಕಾಣುತ್ತದೆ. ಅದು ಬಾಯಿಂದ ಬಾಯಿಗೆ ಹೋಗೋಕೆ ಎಷ್ಟು ಹೊತ್ತು? ಮೊದಲ ಒಂದೆರಡು ವೋಟಿನ ತೂಕವನ್ನು ನಾವು ಕಡೆಗಣಿಸುತ್ತೇವೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲೆವ್ ಮುಚ್ನಿಕ್, ಸಿನಾನ್ ಆರಲ್ ಮತ್ತು ಶಾನ್ ಟೇಲರ್ ಒಂದು ಸುದ್ದಿತಾಣದಲ್ಲಿ ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳನ್ನು ತೆಗೆದುಕೊಂಡರು. ಕೆಲವಕ್ಕೆ, ಯಾವುದು ಅಂತ ನೋಡದೆ, ತಾವೇ ಒಂದು ಮೆಚ್ಚುಗೆ ಒತ್ತಿದರು. ಆಮೇಲೆ ಬಂದ ಮೊದಲ ಓದುಗ ಮೆಚ್ಚುಗೆ ಒತ್ತುವ ಸಾಧ್ಯತೆ 32% ಜಾಸ್ತಿಯಾಯಿತು. ಕೊನೆಗೆ ಆ ಅಭಿಪ್ರಾಯಗಳ ಒಟ್ಟು ಅಂಕ ಸರಾಸರಿ 25% ಮೇಲೆ ಹೋಯಿತು. ಒಂದೇ ಒಂದು ಸುಳ್ಳು ಮೆಚ್ಚುಗೆಯಿಂದ ಇಷ್ಟು! ಆ ಅಣ್ಣನ ಮಗನ ‘ಸೂಪರ್ ಚಿಕ್ಕಪ್ಪ’ ಎಷ್ಟು ಕೆಲಸ ಮಾಡಿರಬಹುದು ನೋಡಿ.

ಈಗ ಫಾರ್ಮಿನ ಕಡೆ ಬರೋಣ. ಹೆಸರು ಮುಚ್ಚಿದ ಕೂಡಲೇ ಜನ ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಾರೆ ಅಂತ ನೀವು ನಂಬಿದ್ದೀರಿ. ಅರ್ಧ ಸರಿ. ಹೇಳೋಕೆ ಧೈರ್ಯ ಬರುತ್ತದೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇದೆ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿ 1980ರ ದಶಕದಿಂದ ಕಂಪ್ಯೂಟರ್ ಜಾಲದಲ್ಲಿ ಮೀಟಿಂಗ್ ಮಾಡಿಸಿ ನೋಡುತ್ತಿದ್ದರು. 1990ರಲ್ಲಿ ಟೆರಿ ಕಾನಲಿ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ ನನಗೆ ಯಾವಾಗಲೂ ತಮಾಷೆ ಅನ್ನಿಸುತ್ತದೆ. ಹೆಸರು ಮುಚ್ಚಿಟ್ಟು, ಒಬ್ಬರ ಮಾತನ್ನು ಒಬ್ಬರು ಟೀಕಿಸುತ್ತಿದ್ದ ಗುಂಪುಗಳಿಂದ ಅತಿ ಹೆಚ್ಚು ಐಡಿಯಾ ಬಂದವು. ಹೆಸರು ತೋರಿಸಿಕೊಂಡು, ಒಬ್ಬರನ್ನೊಬ್ಬರು ಹೊಗಳುತ್ತಿದ್ದ ಗುಂಪುಗಳಿಂದ ಅತಿ ಕಡಿಮೆ. ಆದರೆ ಮೀಟಿಂಗ್ ತುಂಬಾ ಚೆನ್ನಾಗಿತ್ತು ಅಂತ ಖುಷಿಪಟ್ಟವರು ಈ ಎರಡನೆಯವರೇ! ನಮ್ಮ ಎಷ್ಟೋ ವಾರ್ಷಿಕ ಸಭೆಗಳು ಹೀಗೇ ಮುಗಿಯುತ್ತವೆ, ಕೇಸರಿಬಾತ್ ಚೆನ್ನಾಗಿತ್ತು ಅಂದುಕೊಂಡು.

ಉಳಿದರ್ಧ ಬೇರೆ. ನಿಮ್ಮ ಫಾರ್ಮಿನ ತಲೆಬರಹ ನೋಡಿದೆ: ‘ಸಣ್ಣ ಬೆಳೆಗಾರರೇ, ಯಾರಿಗೂ ಹೆದರದೆ ಹೇಳಿ’. ನೀವು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ. ಆದರೆ ಆ ಒಂದು ಸಾಲು ಓದಿದವರಿಗೆ ಇದು ಪಲ್ಪರ್ ವಿಷಯ ಅನ್ನಿಸಲಿಲ್ಲ. ದೊಡ್ಡವರು ಒಂದು ಕಡೆ, ನಾವು ಒಂದು ಕಡೆ ಅನ್ನಿಸಿತು. ‘ಬೇಡ’ ಅಂದಿದ್ದು ಈ ಪ್ರಶ್ನೆಗೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಸರಿಲ್ಲದಿದ್ದರೆ ಜನ ಅಂಕೆ ಮೀರುತ್ತಾರೆ, ಮುಖ ಮುಚ್ಚಿಕೊಂಡವರು ಏನು ಬೇಕಾದರೂ ಮಾಡುತ್ತಾರೆ ಅನ್ನೋದು ಹಳೇ ನಂಬಿಕೆ. 1979ರಲ್ಲಿ ರಾಬರ್ಟ್ ಜಾನ್ಸನ್ ಮತ್ತು ಲೆಸ್ಲಿ ಡೌನಿಂಗ್ ಇದನ್ನು ಪರೀಕ್ಷೆ ಮಾಡಿದರು. ಕೆಲವರಿಗೆ ಕೂ ಕ್ಲಕ್ಸ್ ಕ್ಲಾನ್ (ಕರಿಯರ ಮೇಲೆ ದಾಳಿ ಮಾಡುತ್ತಿದ್ದ ಅಮೆರಿಕದ ಮುಸುಕುಧಾರಿ ಬಿಳಿಯರ ಗುಂಪು) ನೆನಪಿಸುವಂಥ ನಿಲುವಂಗಿ, ಕೆಲವರಿಗೆ ನರ್ಸ್ ಸಮವಸ್ತ್ರ ಹಾಕಿಸಿದರು. ಇನ್ನೊಬ್ಬರಿಗೆ ಕರೆಂಟ್ ಶಾಕ್ ಕೊಡುತ್ತಿದ್ದೇವೆ ಅಂತ ಅವರನ್ನು ನಂಬಿಸಿದ್ದರು. ಗುರುತು ಸಿಗದ ಹಾಗೆ ಮಾಡಿದಾಗ ನರ್ಸ್ ಬಟ್ಟೆ ಹಾಕಿದವರು ಶಾಕ್ ಕಡಿಮೆ ಮಾಡಿದರು. ಗುರುತು ಮುಚ್ಚಿದರೂ ಮನುಷ್ಯ ಖಾಲಿಯಾಗಲಿಲ್ಲ, ಹಾಕಿಕೊಂಡ ಬಟ್ಟೆಯ ಗುಣಕ್ಕೆ ಹೊಂದಿಕೊಂಡ. 1998ರಲ್ಲಿ ಟಾಮ್ ಪೋಸ್ಟ್ಮೆಸ್ ಮತ್ತು ರಸೆಲ್ ಸ್ಪಿಯರ್ಸ್ ಇಂಥ 60 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಹೆಚ್ಚುಕಡಿಮೆ ಇದೇ ಕಂಡಿತು.

ಅದೇ ಸ್ಪಿಯರ್ಸ್ 1990ರಲ್ಲಿ ಮಾರ್ಟಿನ್ ಲೀ, ಸ್ಟೀಫನ್ ಲೀ ಜೊತೆ ಸೇರಿ ವಿದ್ಯಾರ್ಥಿಗಳನ್ನು ಚಿಕ್ಕ ಗುಂಪು ಮಾಡಿ ಕಂಪ್ಯೂಟರಿನಲ್ಲಿ ಚರ್ಚೆ ಮಾಡಿಸಿದ್ದರು. ಕೆಲವರು ಒಂದೇ ಕೋಣೆಯಲ್ಲಿ ಎದುರುಬದುರು, ಕೆಲವರು ಬೇರೆ ಬೇರೆ ಕೋಣೆಯಲ್ಲಿ. ‘ನೀವೆಲ್ಲ ಒಂದು ಗುಂಪು’ ಅಂತ ಮೊದಲೇ ಒತ್ತಿ ಹೇಳಿದ್ದಾಗ, ಒಬ್ಬರ ಮುಖ ಒಬ್ಬರಿಗೆ ಕಾಣದವರೇ ಗುಂಪಿನ ನಿಲುವಿನ ಕಡೆಗೆ ಎಲ್ಲರಿಗಿಂತ ಜಾಸ್ತಿ ಜರುಗಿದರು. ‘ನೀವು ಒಬ್ಬೊಬ್ಬರೂ ಬೇರೆ’ ಅಂತ ಹೇಳಿದ್ದಾಗ ಮುಖ ಕಾಣದವರು ಗುಂಪಿನಿಂದ ದೂರ ಸರಿದರು. ಮುಖ ಕಂಡಾಗ ನಾವು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ನೋಡುತ್ತೇವೆ. ಇವರು ಮೂರು ಎಕರೆಯವರು, ಇವರಿಗೆ ಸಾಲ ಇದೆ, ಇವರು ಸ್ವಲ್ಪ ದುಡುಕು, ಹೀಗೆ. ಮುಖ ಕಾಣದಿದ್ದಾಗ ಉಳಿಯೋದು ‘ನಾವು’ ಒಂದೇ. ಆ ‘ನಾವು’ ಯಾರು ಅಂತ ತಲೆಬರಹ ಬರೆದವರು ಹೇಳಿಕೊಡುತ್ತಾರೆ. ಅಲ್ಲಿ ‘ಈ ಹೋಬಳಿಯ ಕಾಫಿ ಬೆಳೆಗಾರರೇ’ ಅಂತ ಬರೆದಿದ್ದರೆ ಬೇರೆ ಅಂಕಿ ಬರುವ ಸಾಧ್ಯತೆ ಇತ್ತು. ‘ನಿಮ್ಮ ತೋಟಕ್ಕೆ ಇದು ಹೇಗೆ?’ ಅಂತ ಕೇಳಿದ್ದರೆ ಮತ್ತೊಂದು. ನಾನಾಗಿದ್ದರೆ ಈ ಕೊನೆಯದನ್ನೇ ಕೇಳುತ್ತಿದ್ದೆ.

ಇನ್ನೊಂದು ತೊಡಕು. ಹೆಸರು ತೆಗೆದರೆ ಭಯದ ಜೊತೆ ನಂಬಿಕೆಯೂ ಹೋಗುತ್ತದೆ. ‘ಫೆಬ್ರವರಿಯಲ್ಲಿ ಹಳ್ಳ ಬತ್ತುತ್ತೆ, ಪಲ್ಪಿಂಗ್‌ಗೆ ನೀರು ಸಾಲಲ್ಲ’ ಅಂತ ಹಳ್ಳದ ಪಕ್ಕದ ತೋಟದವರು ಹೆಸರು ಹಾಕಿ ಹೇಳಿದರೆ ಅದಕ್ಕೆ ಒಂದು ತೂಕ. ಯಾರೋ ಹೇಳಿದರೆ? ತಮ್ಮ ಜೇಬಿಗೆ ತಟ್ಟುವ ವಿಷಯವಾದರೆ ಜನ ಕಾರಣವನ್ನೇ ತೂಗಿ ನೋಡುತ್ತಾರೆ. ತಟ್ಟದಿದ್ದರೆ ಯಾರು ಹೇಳಿದರು ಅಂತ ನೋಡಿ ಮುಂದೆ ಹೋಗುತ್ತಾರೆ. 1981ರಲ್ಲಿ ರಿಚರ್ಡ್ ಪೆಟಿ, ಜಾನ್ ಕಸಿಯೊಪೊ ಮತ್ತು ರೇಚಲ್ ಗೋಲ್ಡ್‌ಮನ್ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಹೊಸ ಪರೀಕ್ಷೆಯ ಪ್ರಸ್ತಾಪ ಕೇಳಿಸಿದರು. ಮುಂದಿನ ವರ್ಷವೇ ಬರುತ್ತದೆ ಅಂದಾಗ ವಾದ ಗಟ್ಟಿಯಿದೆಯಾ ಅಂತ ನೋಡಿದರು. ಹತ್ತು ವರ್ಷ ಬಿಟ್ಟು ಬರುತ್ತದೆ ಅಂದಾಗ ಹೇಳಿದವರು ಪ್ರೊಫೆಸರಾ, ಹೈಸ್ಕೂಲ್ ಮಕ್ಕಳಾ ಅಂತ ನೋಡಿದರು. ನಿಮ್ಮಲ್ಲೂ ಒಂದೆರಡು ಎಕರೆಯವರು, ಗೇಟಿಗೆ ಬರುವ ವ್ಯಾಪಾರಿಗೆ ಹಣ್ಣು ತೂಗಿ ಕೊಟ್ಟು ಕೈತೊಳೆದುಕೊಳ್ಳುವವರು ಇರುತ್ತಾರೆ. ಅವರಿಗೆ ಹೆಸರೂ ಕಾಣದಿದ್ದರೆ ಇನ್ನೇನು ನೋಡುತ್ತಾರೆ? ಯಾರು ಉದ್ದ ಬರೆದಿದ್ದಾರೆ, ಯಾರು ಜೋರಾಗಿ ಬರೆದಿದ್ದಾರೆ, ಅಷ್ಟೇ.

ಕಮಿಷನ್ ಮಾತಿಗೆ ಬರೋಣ. ನಿಮಗೆ ಜಾಸ್ತಿ ನೋವಾಗಿರೋದು ಇದರಿಂದಲೇ ಅನ್ನಿಸುತ್ತದೆ. ‘ಹೆಸರಿಲ್ಲದ ಮಾತು, ನಾಲ್ಕು ದಿನಕ್ಕೆ ಮರೆತುಹೋಗುತ್ತೆ’ ಅಂತ ಸುಮ್ನೆ ಬಿಡಬೇಡಿ. 1951ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಾರ್ಲ್ ಹೋವ್ಲೆಂಡ್ ಮತ್ತು ವಾಲ್ಟರ್ ವೈಸ್ ಒಂದೇ ಬರಹವನ್ನು ಕೆಲವರಿಗೆ ನಂಬಿಕಸ್ಥರ ಹೆಸರಿನಲ್ಲಿ, ಕೆಲವರಿಗೆ ನಂಬಲಾಗದವರ ಹೆಸರಿನಲ್ಲಿ ಕೊಟ್ಟರು. ಓದಿದ ತಕ್ಷಣ ಎರಡರ ಪ್ರಭಾವದಲ್ಲಿ ದೊಡ್ಡ ವ್ಯತ್ಯಾಸ ಇತ್ತು. ನಾಲ್ಕು ವಾರ ಆದಮೇಲೆ ಕೇಳಿದರೆ ಆ ವ್ಯತ್ಯಾಸ ಹೋಗಿತ್ತು. ವಿಷಯ ತಲೆಯಲ್ಲಿ ಉಳಿದಿತ್ತು, ಹೇಳಿದವರ ಜೊತೆಗಿನ ನಂಟು ಕಳಚಿತ್ತು. ಇವತ್ತು ‘ಫಾರ್ಮಿನಲ್ಲಿ ಯಾರೋ ಬರೆದಿದ್ದಾರೆ’ ಅನ್ನುವ ಮಾತು, ಕೊಯ್ಲಿನ ಹೊತ್ತಿಗೆ ‘ಕಮಿಷನ್ ಹೊಡೆದಿದ್ದಾರಂತೆ’ ಆಗುತ್ತದೆ. ಆಮೇಲೆ ಅದಕ್ಕೆ ಉತ್ತರ ಕೊಡೋಕೆ ಯಾರ ಹತ್ತಿರ ಹೋಗುತ್ತೀರಿ?

ಹಾಗಂತ ಬರೆದವರು ಯಾರು ಅಂತ ಹುಡುಕೋಕೆ ಹೋಗಬೇಡಿ. ಫಾರ್ಮಿನ ಶೀಟಿನಲ್ಲಿ ಉತ್ತರ ಬಂದ ಸಮಯ ಇರುತ್ತದೆ, ನಲವತ್ತು ಜನರಲ್ಲಿ ಬರವಣಿಗೆ ನೋಡಿ ಗುರುತು ಹಿಡಿಯೋದೂ ಕಷ್ಟವಲ್ಲ. ಒಂದು ಸಲ ಹಾಗೆ ಮಾಡಿದಿರಿ ಅಂದರೆ ಮುಂದೆ ನೀವು ಯಾವ ಫಾರ್ಮ್ ಕಳಿಸಿದರೂ ಎಲ್ಲರೂ ‘ಸರಿ’ ಅಂತಲೇ ತುಂಬುತ್ತಾರೆ. ಎಲ್ಲದಕ್ಕೂ ಹೆಸರು ಕಡ್ಡಾಯ ಮಾಡಿದರೂ ಕೆಲಸ ಆಗುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ 2007ರಿಂದ ದೊಡ್ಡ ವೆಬ್‌ಸೈಟುಗಳಲ್ಲಿ ಬರೆಯುವವರು ನಿಜವಾದ ಗುರುತು ಕೊಡಲೇಬೇಕು ಅನ್ನುವ ಕಾನೂನು ಇತ್ತು. 2012ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೇ ಅದನ್ನು ತೆಗೆದುಹಾಕಿತು. ಕೆಟ್ಟ ಮಾತು ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ.

ಆರೋಪಕ್ಕೆ ಇರುವ ದಾರಿ ದಾಖಲೆ. ಮೂರು ಬೇರೆ ಬೇರೆ ಕಡೆಯಿಂದ ಕೊಟೇಶನ್ ತರಿಸಿ, ಮೂರನ್ನೂ ಮೀಟಿಂಗಿನಲ್ಲಿ ಓದಿ. ಹಳೆಯ ಕೊಟೇಶನ್ ಯಾರು, ಎಲ್ಲಿಂದ ತಂದರು ಅಂತಲೂ ಹೇಳಿ. ಮುಂದೆ ಯಾರಿಗಾದರೂ ದೂರು ಇದ್ದರೆ ಗುಂಪಿನ ಹೊರಗಿನ ಒಬ್ಬರ ಹತ್ತಿರ ಹೆಸರು ಕೊಟ್ಟು ಹೇಳಲಿ. ಅವರು ಆ ಹೆಸರನ್ನು ಹೊರಗೆ ಬಿಡಬಾರದು. ದೂರು ಕೊಟ್ಟವರಿಗೆ ರಕ್ಷಣೆಯೂ ಇರುತ್ತದೆ, ಬಾಯಿಗೆ ಬಂದದ್ದು ಹೇಳಿ ಹೋಗೋಕೂ ಆಗುವುದಿಲ್ಲ.

ಈಗ ಪಲ್ಪರ್ ವಿಷಯವನ್ನು ಮತ್ತೆ ಮೊದಲಿನಿಂದ ತೆಗೆದುಕೊಳ್ಳಿ. ನನ್ನ ಸಲಹೆ, ಕೆಲವು ಘಟ್ಟದಲ್ಲಿ ಹೆಸರು ಮುಚ್ಚಿ, ಕೆಲವು ಘಟ್ಟದಲ್ಲಿ ತೆರೆದಿಡಿ.

ಶುರುವಿನಲ್ಲಿ ಮುಚ್ಚಿ. ಯಾರೂ ಬಾಯಿ ಬಿಡುವ ಮೊದಲೇ ಎಲ್ಲರಿಂದ ಚೀಟಿ ತೆಗೆದುಕೊಳ್ಳಿ. ಮೊಬೈಲ್ ಬೇಡ, ಕಾಗದವೇ ಸಾಕು. ಇ-ಮೇಲ್ ಇಲ್ಲದ ಹಿರಿಯರೂ ಇರುತ್ತಾರೆ, ಒಬ್ಬರೇ ನಾಲ್ಕು ಸಲ ತುಂಬುವ ರಗಳೆಯೂ ಇರುವುದಿಲ್ಲ. ಬೇಕಾ ಬೇಡವಾ ಅಂತ ಈಗಲೇ ಕೇಳಬೇಡಿ. ‘ಈ ಯೋಜನೆಯ ಬಗ್ಗೆ ಬೇರೆಯವರಿಗೆ ಗೊತ್ತಿಲ್ಲದ, ನಿಮಗೆ ಗೊತ್ತಿರುವ ವಿಷಯ ಏನು?’ ಅಂತ ಕೇಳಿ. ‘ಇದು ಕೆಟ್ಟರೆ ಯಾವ ಕಾರಣಕ್ಕೆ ಕೆಡುತ್ತದೆ?’ ಅಂತ ಕೇಳಿ. ಗುಂಪಿನ ಚರ್ಚೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವೇ ಸುತ್ತಿ ಸುತ್ತಿ ಬರುತ್ತದೆ, ಒಬ್ಬರಿಗೆ ಮಾತ್ರ ಗೊತ್ತಿರುವುದು ಹೊರಗೆ ಬರೋದೇ ಇಲ್ಲ. 1985ರಲ್ಲಿ ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ ಇದನ್ನು ತೋರಿಸಿದ್ದಾರೆ. ನಿಮ್ಮಲ್ಲಿ ಒಬ್ಬರಿಗೆ ಗೌಡ್ರ ಜಾಗಕ್ಕೆ ಲಾರಿ ತಿರುಗೋಲ್ಲ ಅಂತ ಗೊತ್ತಿರಬಹುದು. ಇನ್ನೊಬ್ಬರಿಗೆ ಅಲ್ಲಿ ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಇರುತ್ತದೆ ಅಂತ. ಕೆಳಗಿನ ಗದ್ದೆಯವರಿಗೆ ಪಲ್ಪಿಂಗ್ ನೀರು ಹಳ್ಳಕ್ಕೆ ಬಂದರೆ ಏನಾಗುತ್ತದೆ ಅಂತ. ಡಿಲೀಟ್ ಆದ ಮೆಸೇಜಿನಲ್ಲಿ ಇದರಲ್ಲಿ ಯಾವುದಿತ್ತೋ.

ಚೀಟಿಗಳನ್ನು ಗುಂಪಿಗೆ ಸೇರದ ಒಬ್ಬರು, ಪಕ್ಕದ ಊರಿನ ಮೇಷ್ಟ್ರೋ ಯಾವುದಾದರೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರೋ, ಒಂದೇ ಥರದ ಭಾಷೆಯಲ್ಲಿ ಟೈಪ್ ಮಾಡಲಿ. ಕೈಬರಹವೂ ಕಾಣಬಾರದು, ಮಾತಿನ ವರಸೆಯೂ ಕಾಣಬಾರದು. ಇದು ಹೊಸ ಉಪಾಯವಲ್ಲ. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ನಾರ್ಮನ್ ಡಾಲ್ಕಿ, ಓಲಾಫ್ ಹೆಲ್ಮರ್ ಡೆಲ್ಫಿ ವಿಧಾನ ಅಂತ ರೂಪಿಸಿದರು, 1963ರಲ್ಲಿ ಅದರ ವಿವರ ಪ್ರಕಟಿಸಿದರು. ಏಳು ತಜ್ಞರು, ಐದು ಸುತ್ತಿನ ಪ್ರಶ್ನಾವಳಿ. ಒಬ್ಬರಿಗೊಬ್ಬರು ನೇರವಾಗಿ ಮಾತಾಡುವ ಹಾಗಿಲ್ಲ. ಪ್ರತಿ ಸುತ್ತಿನ ನಂತರ ಹೊಸ ಮಾಹಿತಿ ನೋಡಿ ತಮ್ಮ ಅಂದಾಜನ್ನು ಬದಲಿಸಿಕೊಳ್ಳಬಹುದು. ನಿಮಗೆ ಐದು ಸುತ್ತು ಬೇಡ, ಎರಡು ಸಾಕು.

ಮೊದಲ ಸುತ್ತಿನ ಪಟ್ಟಿ ಬಂದಮೇಲೆ ಮೀಟಿಂಗ್ ಕರೆಯಿರಿ. ಇಲ್ಲಿ ಎಲ್ಲ ಬಹಿರಂಗ. ನೀರಿನ ವಿಷಯ ನೋಡಿಕೊಂಡು ಬರೋದು ಯಾರು, ಕರೆಂಟ್ ಆಫೀಸಿಗೆ ಹೋಗೋದು ಯಾರು, ತ್ಯಾಜ್ಯ ನೀರಿನ ಗುಂಡಿಗೆ ಎಷ್ಟಾಗುತ್ತದೆ ಅಂತ ವಿಚಾರಿಸೋದು ಯಾರು, ಹೆಸರು ಬರೆದುಕೊಳ್ಳಿ. ಮಾಹಿತಿಗೆ ಹೆಸರು ಬೇಕು, ನಾಳೆ ತಪ್ಪಾದರೆ ಕೇಳೋಕೆ ಒಬ್ಬರು ಇರಬೇಕು. ಗೌಡ್ರಿಗೆ ಮೊದಲೇ ಒಂದು ಮಾತು ಹೇಳಿ: ‘ಅಣ್ಣ, ನೀವು ಕೊನೆಗೆ ಮಾತಾಡಿ’. ಅವರಿಗೆ ಅದು ಮರ್ಯಾದೆಯ ಸ್ಥಾನವೇ, ಬೇಜಾರಾಗುವುದಿಲ್ಲ.

ಎರಡನೇ ಸುತ್ತಿನಲ್ಲಿ ಮತ್ತೆ ಚೀಟಿ, ಈ ಸಲ ಬೇಕಾ ಬೇಡವಾ. ಎಣಿಕೆ ಎಲ್ಲ ಮುಗಿದ ಮೇಲೆಯೇ ಹೇಳಿ. ನಮ್ಮ ಚುನಾವಣೆಯ ಪದ್ಧತಿಯೂ ಇದೇ ಅಲ್ವಾ? 1951ರ ಪ್ರಜಾಪ್ರತಿನಿಧಿ ಕಾಯ್ದೆ ಮತದ ಗುಟ್ಟನ್ನು ಕಾಪಾಡುತ್ತದೆ. ಅದೇ ರಾಜ್ಯಸಭೆ ಚುನಾವಣೆಯಲ್ಲಿ ಶಾಸಕರು 2003ರ ತಿದ್ದುಪಡಿಯ ನಂತರ ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿಯೇ ವೋಟು ಹಾಕಬೇಕು. ತನಗೋಸ್ಕರ ವೋಟು ಹಾಕುವವರಿಗೆ ಒಂದು ರೀತಿ, ಬೇರೆಯವರ ಪರವಾಗಿ ಹಾಕುವವರಿಗೆ ಇನ್ನೊಂದು. ನಿಮ್ಮಲ್ಲೂ ಹಾಗೇ ಮಾಡಿ. ನಲವತ್ತು ಜನರ ವೋಟು ಗುಟ್ಟಾಗಿರಲಿ. ಸಮಿತಿಯವರು ಮಷೀನ್ ಯಾವುದು, ಗುತ್ತಿಗೆ ಯಾರಿಗೆ ಅಂತ ತೀರ್ಮಾನ ಮಾಡುವಾಗ ಒಬ್ಬೊಬ್ಬರ ನಿಲುವೂ ನಡಾವಳಿ ಪುಸ್ತಕದಲ್ಲಿ ಇರಲಿ.

ಕೊನೆಗೆ ದುಡ್ಡು. ಹೆಸರಿಲ್ಲದ ‘ಬೇಡ’ಕ್ಕೆ ಖರ್ಚಿಲ್ಲ, ಹೆಸರಿಲ್ಲದ ‘ಬೇಕು’ಗೂ ಖರ್ಚಿಲ್ಲ. ಗುಟ್ಟಿನ ವೋಟಿನಲ್ಲಿ ಮೂವತ್ತು ಜನ ಬೇಕು ಅಂದು, ಷೇರು ಹಣ ಕೇಳಿದಾಗ ಹನ್ನೆರಡು ಜನ ಕೊಟ್ಟರೆ ಪಲ್ಪರ್ ಬರುತ್ತದೆ, ಹಣ್ಣು ಬರುವುದಿಲ್ಲ. ಅದಕ್ಕೆ ವೋಟಿನಲ್ಲಿ ಗೆದ್ದ ತಕ್ಷಣ ಮಷೀನಿಗೆ ಅಡ್ವಾನ್ಸ್ ಕೊಡಬೇಡಿ. ಒಂದು ಪುಸ್ತಕ ಇಡಿ. ಯಾರು ಎಷ್ಟು ದುಡ್ಡು ಹಾಕುತ್ತಾರೆ, ದಿನಕ್ಕೆ ಎಷ್ಟು ಮೂಟೆ ಹಣ್ಣು ತರುತ್ತಾರೆ ಅಂತ ಹೆಸರು ಬರೆದು ಸಹಿ ಹಾಕಲಿ. ಮಷೀನ್ ನಡೆಯೋಕೆ ಕನಿಷ್ಠ ಎಷ್ಟು ಮೂಟೆ ಬೇಕು ಅಂತ ಮೊದಲೇ ಲೆಕ್ಕ ಮಾಡಿಕೊಂಡಿರಿ. ಸಹಿಗಳ ಮೊತ್ತ ಅಷ್ಟಾಗದಿದ್ದರೆ ಈ ವರ್ಷ ಬಿಡಿ. ಗೌಡ್ರಿಗೂ ಅಂಕಿ ತೋರಿಸಿ ಹೇಳಬಹುದು, ಯಾರ ಮುಖವೂ ನೋಡಬೇಕಾಗಿಲ್ಲ.

ಇಷ್ಟಕ್ಕೂ ಎರಡು ತಿಂಗಳು ಬೇಕಾಗುತ್ತದೆ. ಮಳೆ ನಿಲ್ಲುವುದರೊಳಗೆ ಮುಗಿಸಿಕೊಳ್ಳಿ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ಮೀಟಿಂಗಿಗೆ ಯಾರೂ ಸಿಗುವುದಿಲ್ಲ.